ಹನ್ನೆರಡು ಸೆಕೆಂಡು

ಹೊಟ್ಟೆಯ ನಲವತ್ತಾರನೆಯ ಸೆಳೆತವನ್ನು ಎಣಿಸಿ ಮುಗಿಸಿ ಹುಡುಗಿ ನೀರಿನಿಂದ ಮುಖ ಎತ್ತಿದಳು. ಮೂಗಿನ ಕ್ಲಿಪ್ಪು ತೆಗೆದಳು, ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಿ ತೋರಿಸಿದಳು, "ನಾನು ಸರಿಯಾಗಿದೀನಿ" ಎಂದಳು. ಮೂರೂ ನಿಯಮದ ಕ್ರಮದಲ್ಲೇ ನಡೆದವು. ಉಸಿರು ಹಿಡಿದು ಮುಳುಗುವ ಕಿರಿಯರ ತಂಡಕ್ಕೆ ಸೇರಲು ಐದು ನಿಮಿಷ ಬೇಕು. ಮುಂದಿನ ತಿಂಗಳು ಅವಳಿಗೆ ಹತ್ತೊಂಬತ್ತು ತುಂಬುತ್ತದೆ. ಆಮೇಲೆ ಆ ತಂಡದ ಬಾಗಿಲು ಮುಚ್ಚಿದಂತೆಯೇ. ಇದ್ದದ್ದು ಇದೊಂದೇ ಸರದಿ.

"ನಾಲ್ಕು ಐವತ್ತಮೂರು," ಎಂದರು ಕೊಳದ ಅಂಚಿನಲ್ಲಿ ಕುಳಿತಿದ್ದ ತೀರ್ಪುಗಾರ್ತಿ. "ಏಳು ಸೆಕೆಂಡು ಕಮ್ಮಿ. ಯಾಕಮ್ಮ ಎದ್ದೆ? ತುಟಿ ಇನ್ನೂ ಕೆಂಪಗೇ ಇದೆ. ಇನ್ನೊಂದು ಕಾಲು ನಿಮಿಷ ಆರಾಮಾಗಿ ಇರ್ತಿದ್ದೆ."

"ಲೆಕ್ಕ ತಪ್ಪಿದೆ ಮೇಡಂ. ನಲವತ್ತಾರಕ್ಕೆ ನಂದು ಐದು ನಿಮಿಷ ಐದು ಸೆಕೆಂಡು. ಎರಡು ತಿಂಗಳಿಂದ ಒಂದು ದಿನವೂ ಹೆಚ್ಚುಕಮ್ಮಿ ಆಗಿಲ್ಲ."

ಉಸಿರು ಕಟ್ಟಿ ಮೂರು ನಿಮಿಷ ಕಳೆದ ಮೇಲೆ ಹೊಟ್ಟೆ ತಾನಾಗಿಯೇ ಸೆಳೆಯತೊಡಗುತ್ತದೆ. ನೀರಿನೊಳಗೆ ಹೊತ್ತು ಹೇಳುವವರಿಲ್ಲ. ಅವಳಿಗೆ ಆ ಸೆಳೆತಗಳೇ ಗಡಿಯಾರ. ಹಟ ಮಾಡಿ ಮೂರ್ಛೆ ಹೋದರೆ ಆಯ್ಕೆಯೇ ರದ್ದು. ಆದ್ದರಿಂದ ಐದು ನಿಮಿಷದ ಮೇಲೆ ಐದು ಸೆಕೆಂಡು ಮಿಗಿಸಿ, ನಲವತ್ತಾರಕ್ಕೆ ಏಳುವುದೆಂದು ತಂದೆ ಮಗಳು ಗೊತ್ತುಮಾಡಿಕೊಂಡಿದ್ದರು. ಕೊಳ ಸಿಗುತ್ತಿದ್ದದ್ದು ವಾರಕ್ಕೊಮ್ಮೆ. ಅದು ಈಜಿಗೇ ಸಾಲದು. ಉಸಿರಿನ ಅಭ್ಯಾಸವೆಲ್ಲ ಮನೆಯ ನಡುಕೋಣೆಯಲ್ಲಿ, ಚಾಪೆಯ ಮೇಲೆ. ಅವಳು ಅಂಗಾತ ಮಲಗುವಳು. ತಂದೆ ತಲೆಯ ಬಳಿ ಸ್ಟಾಪ್‌ವಾಚು ಹಿಡಿದು ಕೂರುವರು.

"ಬೇಕಾದ್ರೆ ನಮ್ಮಪ್ಪನ್ನ ಕೇಳಿ. ಅಲ್ಲಿ ಕೂತು ಅವರೂ ಹೊತ್ತು ನೋಡಿದಾರೆ. ತೂಕ ಅಳತೆ ಇಲಾಖೆಯವರು. ಅವರ ಲೆಕ್ಕ ತಪ್ಪಲ್ಲ."

ತಪ್ಪುತ್ತಿರಲಿಲ್ಲ. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿದವರು. ಮಾರುಕಟ್ಟೆ ಅವರಿಗೆ ಗುಲಗಂಜಿ ಸಾಹೇಬರೆಂದು ಹೆಸರಿಟ್ಟಿತ್ತು. ಗುಲಗಂಜಿಯಷ್ಟು ವ್ಯತ್ಯಾಸವಿದ್ದರೂ ಅವರು ಮುದ್ರೆ ಒತ್ತಿದವರಲ್ಲ. ಈಗ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬಂದರು. ಬಲಗೈ ಮುಷ್ಟಿಯಾಗಿಯೇ ಇತ್ತು.

"ತೋರಿಸಿ ಅಪ್ಪ."

"ಮೊದಲು ಮೈ ಒರೆಸ್ಕೋ, ಶೀತ ಆಗುತ್ತೆ. ಮನೇಗೆ ಹೋಗಿ ಮಾತಾಡೋಣ."

"ಅಪ್ಪ, ತೋರಿಸಿ."

ಮುಷ್ಟಿ ಬಿಚ್ಚಿತು. ನಾಲ್ಕು ನಿಮಿಷ, ಐವತ್ತಮೂರು ಸೆಕೆಂಡು.

"ನೋಡಮ್ಮ, ಎರಡೂ ಒಂದೇ," ಎಂದರು ತೀರ್ಪುಗಾರ್ತಿ. "ತಕರಾರು ಮುಗೀತಲ್ಲ."

ಹುಡುಗಿ ಸ್ಟಾಪ್‌ವಾಚನ್ನು ನೋಡಿದಳು, ತಂದೆಯನ್ನು ನೋಡಿದಳು. "ಮನೇಲಿ ಇದೇ ವಾಚು ಐದು ಐದು ತೋರಿಸ್ತಿತ್ತು. ಇವತ್ತು ಯಾವಾಗ ಒತ್ತಿದ್ರಿ?"

"ನೀನು ಮುಖ ನೀರಿಗೆ ಇಟ್ಟಾಗ."

"ಮನೇಲಿ?"

"ಚಾಪೆ ಮೇಲೆ ನೀರೆಲ್ಲಿ ಬರ್ಬೇಕು? ಕೊನೇ ಉಸಿರಿಗೆ ನೀನು ಬಾಯಿ ತೆರೆದಾಗ ಒತ್ತುತಿದ್ದೆ."

"ಅಯ್ಯೋ ಯಜಮಾನ್ರೇ!" ತೀರ್ಪುಗಾರ್ತಿ ಪೆನ್ನು ಕೆಳಗಿಟ್ಟರು. "ಎದೆ ತುಂಬಿಸ್ಕೊಳೋಕೇ ಹನ್ನೆರಡು ಸೆಕೆಂಡು ಹಿಡಿಯುತ್ತೆ. ಅದನ್ನ ಸೇರಿಸೋ ಹಾಗಿಲ್ಲ. ಎರಡು ತಿಂಗಳ ಹಿಂದೆ ನಿಮ್ಮ ಕೈಗೇ ನಿಯಮದ ಹಾಳೆ ಕೊಟ್ಟಿದ್ನಲ್ಲ, ಮೊದಲನೇ ಸಾಲೇ ಅದು." ಅವರು ಮುಂದಿನ ಸ್ಪರ್ಧಿಯ ಸಂಖ್ಯೆಯನ್ನು ಕೂಗಿದರು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಒಂದು ಉದ್ದ ಬೆಂಚಿತ್ತು. ತಂದೆ ಅದರ ತುದಿಯಲ್ಲಿ ಕುಳಿತರು. ಮಗಳು ಕೂರಲಿಲ್ಲ.

"ಹಾಳೆ ಓದಿದ್ರಾ?"

"ಕೊಟ್ಟ ದಿನವೇ ಓದಿದೆ. ಅವತ್ತೇ ನೀನು ಮೊದಲ ಸಲ ಐದು ದಾಟಿದೆ ಅಂತ ಮನೆಯೆಲ್ಲ ಕುಣಿದಾಡ್ತಿದ್ದೆ. ಹೇಗೆ ಹೇಳ್ಲಿ? ಹನ್ನೆರಡು ಸೆಕೆಂಡು ತಾನೆ..."

"ನಲವತ್ತಾರು ಅಂತ ಗೊತ್ತುಮಾಡಿದ್ದು ಅದಾದ ಮೇಲೆ. ಐವತ್ತೆರಡಕ್ಕೆ ಏಳು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ನನ್ನ ಎದೇಲಿ ಇನ್ನೂ ಗಾಳಿ ಇತ್ತು ಅಪ್ಪ."

"ಅಂದಿದ್ರೆ, ಯಾಕೆ ಅಂತ ನೀನು ಕೇಳ್ತಿದ್ದೆ."

ಅವಳ ಕೂದಲಿನಿಂದ ನೀರು ಬೆಂಚಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಕರವಸ್ತ್ರ ತೆಗೆದು ಅದನ್ನು ಒರೆಸಿದರು. ಮತ್ತೆ ತೊಟ್ಟಿಕ್ಕಿತು, ಮತ್ತೆ ಒರೆಸಿದರು.

"ಅಂಗಡಿಯವರೂ ಹೀಗೇ ಗೋಗರೀತಿದ್ರಲ್ಲ, ಹತ್ತು ಗ್ರಾಂ ತಾನೆ ಸ್ವಾಮಿ ಅಂತ," ಎಂದಳು ಮಗಳು. "ಅವರಿಗೆ ಏನು ಉತ್ತರ ಕೊಡ್ತಿದ್ರಿ? ನಂಗೂ ಅದನ್ನೇ ಹೇಳಿ."

ಅವರು ಒದ್ದೆ ಕರವಸ್ತ್ರವನ್ನು ಮಡಚತೊಡಗಿದರು. ಅವಳು ಅವರ ಕೈಯಿಂದ ಸ್ಟಾಪ್‌ವಾಚು ತೆಗೆದುಕೊಂಡು ಮುಳ್ಳನ್ನು ಸೊನ್ನೆಗೆ ತಂದಳು, ಗುಂಡಿ ಒತ್ತಿದಳು, ಮತ್ತೆ ಅವರ ಅಂಗೈಯಲ್ಲಿಟ್ಟಳು.

"ಈ ಸಲ ಸರಿಯಾಗಿ ಶುರು ಮಾಡಿದೀನಿ. ಉತ್ತರ ಹೇಳೋಕೆ ಬಾಯಿ ಬಂದಾಗ ನಿಲ್ಲಿಸಿ."

ಒಳಗೆ ಹೋದಳು. ಬಟ್ಟೆ ಬದಲಿಸಿ, ಚೀಲ ಹೆಗಲಿಗೇರಿಸಿ ಹೊರಬಂದಳು. ಬೆಂಚಿನ ಕಡೆ ತಿರುಗದೆ ಬಾಗಿಲು ದಾಟಿದಳು. ಕೊಳದ ಕಡೆಯಿಂದ ಚಪ್ಪಾಳೆ ಕೇಳಿಸಿತು, ಯಾರೋ ಆಯ್ಕೆಯಾಗಿದ್ದರು. ಅಂಗೈಯಲ್ಲಿ ಮುಳ್ಳು ನಾಲ್ಕು ಐವತ್ತಮೂರನ್ನು ದಾಟಿತು, ಐದನ್ನು ದಾಟಿತು. ಅವರ ತುಟಿಗಳು ಇನ್ನೂ ಬಿಚ್ಚಿರಲಿಲ್ಲ.