ಸೊಸೆಯ ಇಂಗ್ಲಿಷ್

ಬಿಳಿ ಉಣ್ಣೆಯ ಟೋಪಿ ಹಾಕಿಕೊಂಡು ಮಾವನವರು ಶಾಲಾ ಇನ್ಸ್‌ಪೆಕ್ಟರಂತೆ ಕೋಣೆಯ ಹಿಂದಿನ ಕುರ್ಚಿಯಲ್ಲಿ ಕೂತದ್ದೇ ತಡ, ಏಳನೇ ತರಗತಿಯ ಮಕ್ಕಳೆಲ್ಲ ಬಾಯಿಗೆ ಬೀಗ ಹಾಕಿಕೊಂಡರು.

ಇದು ಬರೀ ತಾಲೀಮು. ನಿಜವಾದ ಇನ್ಸ್‌ಪೆಕ್ಟರು ನಾರಿನ್ ಪಟ್ಟಣದಿಂದ ನಾಳೆ ಬರುವವರಿದ್ದರು. ಹಿರಿಯರ ಮುಂದೆ ಬಾಯಿ ಬಿಡುವ ರೂಢಿ ಈ ಮಕ್ಕಳಿಗಿಲ್ಲ, ಊರಿನ ಗಡಸು ಮುಖದ ಮುದುಕರೊಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸೋಣ ಎಂದು ಉಪಾಯ ಹೂಡಿದವರು ಮುಖ್ಯೋಪಾಧ್ಯಾಯಿನಿ ದಮೀರಾ ಅಕ್ಕ. ಅಂಥ ಮುಖ ಊರಿಗೆಲ್ಲ ಒಂದೇ ಇತ್ತು. ಅದು ಇಂಗ್ಲಿಷ್ ಟೀಚರ್ ಜಿಪಾರಳ ಮಾವ, ಕುದುರೆ ಸಾಕುವ ಸಗಿನ್‌ಬಾಯ್ ಅವರದ್ದು.

ಇಂಗ್ಲಿಷ್ ವಿಭಾಗವೆಂದರೆ ಈಗ ಜಿಪಾರ್ ಒಬ್ಬಳೇ. ಉಳಿದವರು ರಾಜಧಾನಿ ಬಿಷ್ಕೆಕ್ ಸೇರಿಕೊಂಡಿದ್ದರು. ಇನ್ಸ್‌ಪೆಕ್ಟರಿಗೆ ಒಪ್ಪಿಗೆಯಾಗದಿದ್ದರೆ ವಿಭಾಗ ಮುಚ್ಚುತ್ತದೆ. ಇಂಗ್ಲಿಷ್ ಬೇಕೆಂದ ಮಕ್ಕಳು ಕಣಿವೆಯಾಚೆಯ ಶಾಲೆಗೆ ಹೋಗಬೇಕು, ಜಿಪಾರ್ ಹೋಗಿ ಒಲೆಯ ಮುಂದೆ ಕೂರಬೇಕು. ಪಾಪ, ಅವಳಿಗೆ ಆ ಕೊಠಡಿಯೆಂದರೆ ಜೀವ. ಹಿರಿಯರಿಲ್ಲದಾಗ ಇದೇ ಮಕ್ಕಳು ಅಲ್ಲಿ ಇಂಗ್ಲಿಷಿನಲ್ಲೇ ಜಗಳವಾಡುತ್ತಿದ್ದರು.

"ಲೌಡರ್, ಪ್ಲೀಸ್," ಎಂದಳು ಜಿಪಾರ್, ನೆಲ ನೋಡುತ್ತ. ಮೇರಿಮ್ ಎಂಬ ಹುಡುಗಿ ಎದ್ದು, ಎದೆಯ ಮೇಲೆ ಕೈಯಿಟ್ಟು, ಮುದುಕರಿಗೆ ತಲೆಬಾಗಿ, ಹಾಗೇ ಕೂತುಬಿಟ್ಟಳು.

ಮಕ್ಕಳು ಹೋದ ಮೇಲೆ ಮಾವ ಕೇಳಿದರು, "ಅದೇನಮ್ಮ, ಗಳಿಗೆಗೊಂದ್ಸಲ ಏನೋ ಮಂತ್ರ ಹೇಳ್ತಿದ್ದೆ?"

"ಜೋರಾಗಿ ಹೇಳಿ ಅಂತ, ಅತಾ." ಅಪ್ಪ ಎಂಬರ್ಥದಲ್ಲಿ ಅವಳು ಮಾವನನ್ನು ಹಾಗೆ ಕರೆಯುತ್ತಿದ್ದಳು.

"ಏನಂದೆ?"

"ಜೋರಾಗಿ ಅಂತ."

"ಜೋರಾಗಿ ಅನ್ನೋದನ್ನ ಇಷ್ಟು ಮೆಲ್ಲಗೆ ಹೇಳ್ತಾರಾ? ತಾಯಿ ಕುದುರೆನೇ ಹೊಳೆಗೆ ಹೆದರಿ ನಿಂತ್ರೆ ಮರಿ ಹೆಂಗಮ್ಮ ದಾಟುತ್ತೆ?"

ಜಿಪಾರ್ ಕಪ್ಪುಹಲಗೆ ಒರೆಸತೊಡಗಿದಳು. ಮಾವನ ಎದುರು ದನಿ ಎತ್ತಬಾರದೆಂದು ಮದುವೆಯ ದಿನ ತಲೆಗೆ ಬಿಳಿ ವಸ್ತ್ರ ಕಟ್ಟುವಾಗಲೇ ಅತ್ತೆ ಹೇಳಿದ್ದರು. ಅಂದಿನಿಂದ ಯಾವ ಹಿರಿಯರ ನೆರಳು ಬಿದ್ದರೂ ಸಾಕು, ಅವಳ ದನಿ ತಾನಾಗಿ ಒಳಗೆ ಹೋಗುತ್ತಿತ್ತು.

ಮರುದಿನ ಬಂದ ಇನ್ಸ್‌ಪೆಕ್ಟರಿಗೂ ನರೆತ ಗಡ್ಡ. ಗ್ರಹಚಾರ ಅನ್ನುವುದು ಇದಕ್ಕೇ. ಜಿಪಾರಳ ಪಾಠ ಪಿಸುಮಾತಿಗಿಳಿಯಿತು. ಇನ್ಸ್‌ಪೆಕ್ಟರು ಪ್ರಶ್ನೆ ಕೇಳುತ್ತಾರೆ, ಮಕ್ಕಳು ಎದ್ದು ಬಾಗುತ್ತಾರೆ, ಕೂರುತ್ತಾರೆ.

"ವಿನಯ ಬೇಕಾದಷ್ಟಿದೆ. ಇಂಗ್ಲಿಷ್ ಎಲ್ಲಮ್ಮ?" ಎಂದರು ಅವರು. ದಮೀರಾ ಅಕ್ಕ ಕಿಟಕಿಯ ಕಡೆ ತಿರುಗಿಕೊಂಡರು.

ಆಗ ಬಾಗಿಲು ತೆರೆದು ಸಗಿನ್‌ಬಾಯ್ ಒಳಗೆ ಬಂದರು. ಯಾರೂ ಕರೆದಿರಲಿಲ್ಲ. ಆದರೆ ಅವರು ಇನ್ಸ್‌ಪೆಕ್ಟರಿಗಿಂತ ಹಿರಿಯರು. ಅಂಥವರು ಬಂದಾಗ ಎಷ್ಟು ದೊಡ್ಡ ಅಧಿಕಾರಿಯೂ ಕೂತಿರುವಂತಿಲ್ಲ. ಇನ್ಸ್‌ಪೆಕ್ಟರು ದಡಬಡಿಸಿ ಎದ್ದು, ಎರಡೂ ಕೈ ಚಾಚಿ ಸಲಾಂ ಹೇಳಿ, ತಮ್ಮ ಕುರ್ಚಿ ಬಿಟ್ಟುಕೊಟ್ಟು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ಕೂತರು. ಇನ್ನು ಆ ಕೋಣೆಯಲ್ಲಿ ಮೊದಲ ಮಾತು ಸಗಿನ್‌ಬಾಯ್ ಅವರದ್ದು.

"ಸೊಸೆ, ಗಂಟಲು ಬಿಟ್ಟು ಪಾಠ ಮಾಡು. ಹಿರಿಯನಾಗಿ ಅಪ್ಪಣೆ ಕೊಡ್ತಿದೀನಿ. ಮಕ್ಳಾ, ನಿಮಗೂ ಸೇರಿಸೇ ಹೇಳಿದ್ದು. ಏನಪ್ಪ ತಮ್ಮ, ನಿಂದೇನೂ ತಕರಾರಿಲ್ಲ ತಾನೆ?"

"ನೀವು ಹೇಳಿದ ಮೇಲೆ ನಂದೇನಣ್ಣ," ಎಂದರು ಇನ್ಸ್‌ಪೆಕ್ಟರು.

ಜಿಪಾರ್ ತಲೆ ಎತ್ತಿದಳು. ಆಮೇಲೆ ಅವಳು "ಲೌಡರ್, ಪ್ಲೀಸ್" ಅಂದದ್ದಕ್ಕೆ ಅಂಗಳದಲ್ಲಿ ಕಟ್ಟಿದ್ದ ಮಾವನ ಕುದುರೆ ಕಿವಿ ನಿಮಿರಿಸಿತು. ಮೇರಿಮ್ ಎದ್ದು ತಮ್ಮ ಮನೆಯ ಕುರಿ, ಬೇಸಿಗೆಯ ಹುಲ್ಲುಗಾವಲು, ಜಗಳಗಂಟಿ ಅಜ್ಜಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹರವಿದಳು. ಅವಳ ಮಾತು ಮುಗಿಯುವ ಮೊದಲೇ ಪಕ್ಕದವನು ಎದ್ದು ನಿಂತಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಮುಗಿಸಿ ಮಕ್ಕಳು ಇನ್ಸ್‌ಪೆಕ್ಟರನ್ನೇ ತಿರುಗಿ ಕೇಳಿದರು, ನಿಮ್ಮ ಹೆಂಡತಿ ನಿಮ್ಮನ್ನು ಬೈಯುತ್ತಾರಾ ಎಂದು. ಅವರು ನಕ್ಕು, ಇಂಗ್ಲಿಷಿನಲ್ಲೇ ಹೌದೆಂದು ಒಪ್ಪಿಕೊಂಡರು.

"ಈ ವಿಭಾಗ ಮುಚ್ಚೋ ಮಾತೇ ಇಲ್ಲ. ಇನ್ನೊಬ್ಬ ಟೀಚರನ್ನೂ ಕೊಡಿಸ್ತೀನಿ," ಎಂದು ದಮೀರಾ ಅಕ್ಕನಿಗೆ ಹೇಳಿ ಹೊರಟರು. ಜಿಪಾರ್ ಮಕ್ಕಳನ್ನು ತಬ್ಬಿಕೊಂಡು ಅತ್ತೂ ಬಿಟ್ಟಳು, ನಕ್ಕೂ ಬಿಟ್ಟಳು.

ಆ ಸಂಜೆ ಮನೆಯಲ್ಲಿ ಅವಳು ಎಂದಿನಂತೆ, ಹಿರಿಯರಿಗೆ ಮರ್ಯಾದೆಯೆಂದು ಅರ್ಧ ಬಟ್ಟಲೇ ಚಹಾ ಬಗ್ಗಿಸಿ ಮಾವನ ಮುಂದೆ ಹಿಡಿದಳು. ನೆಲ ನೋಡುತ್ತ, "ತಗೊಳ್ಳಿ, ಅತಾ" ಎಂದು ಪಿಸುಗುಟ್ಟಿದಳು.

ಮುದುಕರು ಬಟ್ಟಲು ಮುಟ್ಟಲಿಲ್ಲ. ಗಡಸು ಮುಖ ಹಾಗೇ ಇಟ್ಟುಕೊಂಡು ಕಿವಿಗೆ ಅಂಗೈ ಹಿಡಿದರು.

"ಲೌಡರ್, ಪ್ಲೀಸ್."