ಉಪ್ಪಿನ ಕರಟ

"ಆ ಬಾಗಿಲು ಇನ್ನೊಂದ್ಸಲ ಎಳಿ ನೋಡ್ವ," ಎಂದಳು ಈರಮ್ಮ, ಮಂಚದಲ್ಲಿ ಕೂತಲ್ಲಿಂದಲೇ.

ರಾತ್ರಿ ಒಳಗಿಟ್ಟಿದ್ದ ಮೀನಿನ ಕೊನೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟಿದ್ದ ಸೊಸೆ ಕಲ್ಪನಾ ನಿಂತಳು. ಹೊರಗೆ ಮಾವಿನಕುರ್ವೆಯ ಮರಳು ಬೆಳಗಿನ ಬಿಸಿಲಿಗೇ ಬೆಳ್ಳಗೆ ಉರಿಯುತ್ತಿತ್ತು. ಹಳೆ ಬಲೆಯ ಮೇಲೆ ಮಳೆಗಾಲಕ್ಕೆಂದು ಒಣಗಲು ಹರಡಿದ ಮೀನು. ದೋಣಿ ದಡಕ್ಕೆಳೆದ ಮೇಲೆ ಮನೆಯವರು ಉಣ್ಣುವುದೂ ಅದೇ, ಹೊನ್ನಾವರದ ಸಂತೆಯಲ್ಲಿ ಮಾರುವುದೂ ಅದೇ. ಒಮ್ಮೆ ನೆನೆದರೆ ಹುಳ ಬಿದ್ದು ತೆಂಗಿನ ಬುಡಕ್ಕೆ ಗೊಬ್ಬರ.

"ಬಾಗಿಲಿಗೆ ಎಂತ ಆತು ಅತ್ತೆ?" ಎನ್ನುತ್ತ ಎಳೆದಳು. ಕೆಳಗಿನ ಅಂಚು ನೆಲಕ್ಕುಜ್ಜಿ ಕಿರ್ರೆಂದಿತು.

"ಮೊನ್ನೆ ಈ ಸದ್ದಿರ್ಲಿಲ್ಲ. ನಿನ್ನೆ ಸಂಜೆಯಿಂದ ಉಜ್ತದೆ. ಮರ ಉಬ್ಬಿದೆ, ಗಾಳಿಲಿ ನೀರದೆ. ಮೀನೆಲ್ಲ ಹೆಕ್ಕು."

"ಆಕಾಶದಲ್ಲಿ ಒಂದು ಮೋಡ ಇಲ್ಲ!"

"ನನಗೆ ಆಕಾಶ ಕಾಣೂದಿಲ್ಲ ಮಾರಾಯ್ತಿ. ಉಪ್ಪಿದ್ದಿದ್ರೆ ನಿನ್ನೆಯೇ ಹೇಳ್ತಿದ್ದೆ."

ಕಲ್ಪನಾಗೆ ಚುಚ್ಚಿತು. ಎರಡು ವರ್ಷದ ಹಿಂದೆ ಕಣ್ಣು ಹೋದ ಮೇಲೂ ಈರಮ್ಮ ದಿನಾ ಬೆಳಿಗ್ಗೆ ಅಡುಗೆಮನೆಯ ಗೂಡಿನಲ್ಲಿದ್ದ ಕಲ್ಲುಪ್ಪಿನ ಕರಟಕ್ಕೆ ಬೆರಳಾಡಿಸಿ, ಉಪ್ಪು ಎಷ್ಟು ಬೆವರಿದೆ ಎಂದು ನೋಡಿ, ಮೀನು ಹರಡಬಹುದೋ ಬೇಡವೋ ಹೇಳುತ್ತಿದ್ದಳು. ನೀರು ಸೋರಿ ಗೂಡೆಲ್ಲ ಹಾಳಾಯಿತೆಂದು ಹೋದ ವಾರ ಕಲ್ಪನಾ ಆ ಕರಟವನ್ನು ಎಸೆದು, ಪ್ಯಾಕೆಟ್ಟಿನ ಪುಡಿ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದಳು.

"ನನ್ನ ಮಾತು ನಂಬೂದು ಬೇಡ," ಎಂದಳು ಈರಮ್ಮ. " ಬುಟ್ಟಿಲಿರೂ ಲೆಪ್ಪೆ ಒಂದು ಮುರಿ ಕಾಂಬ."

ಎಲೆಯಷ್ಟು ತೆಳ್ಳಗಿನ ಆ ಮೀನು ನಿನ್ನೆ ಮಧ್ಯಾಹ್ನ ಹಪ್ಪಳದಂತೆ ಚಟ್ಟೆಂದು ಮುರಿದಿತ್ತು. ಈಗ ಚಪ್ಪಲಿಯ ಪಟ್ಟಿಯಂತೆ ಬಾಗಿತು. ಕಲ್ಪನಾ ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೋಡಿದಳು.

ಪಕ್ಕದ ಬಲೆಯ ಹತ್ತಿರ ಕಾಗೆ ಓಡಿಸುತ್ತಿದ್ದ ಗಂಗಿ ನಕ್ಕಳು. "ಎಂತದೇ, ಈಗಷ್ಟೇ ಹರಡಿ ಈಗಲೇ ಹೆಕ್ಕೂದಾ? ಅತ್ತೆಗೆ ಕಣ್ಣು ಬಂತಾ?"

"ನೀನೂ ಹೆಕ್ಕು ಗಂಗಕ್ಕ!"

ಗಂಗಿ ಹೆಕ್ಕಲಿಲ್ಲ. ಕಲ್ಪನಾ ಕೊನೆಯ ಹೊರೆ ಹೊತ್ತು ಹೊಸಿಲು ದಾಟುವಾಗ ಶರಾವತಿ ಕಡಲು ಸೇರುವ ಕಡೆಯಿಂದ ಕಪ್ಪು ಕವಿದು ಬಂತು. ಹೊರೆ ಇಳಿಸಿದವಳೇ ತಿರುಗಿ ಹೋಗಿ ಗಂಗಿಯ ಬಲೆಗೆ ಕೈಹಾಕಿದಳು. ಮಳೆ ಸುರಿಯುವಷ್ಟರಲ್ಲಿ ಅದರಲ್ಲಿ ಅರ್ಧ ಉಳಿಯಿತು.

"ನಾಳೆಯಿಂದ ನನಗೂ ಕೂಗಿ ಹೇಳು ಈರಕ್ಕ," ಎಂದಳು ಗಂಗಿ, ಜಗುಲಿಯಲ್ಲಿ ಸೆರಗು ಹಿಂಡುತ್ತ.

"ಎಂತ ನೋಡಿ ಹೇಳಲೇ? ಆ ಬಾಗಿಲು ಒಣಗೂಕೆ ಇನ್ನು ದೀಪಾವಳಿ ಬರ್ಬೇಕು."

ಕಲ್ಪನಾ ಒಳಗೆ ಹೋದಳು. ಮೀನಿಗೆಂದು ತಂದಿದ್ದ ಉಪ್ಪಿನ ಚೀಲ ಬಿಚ್ಚಿ, ಹೊಸ ಕರಟದ ತುಂಬ ಕಲ್ಲುಪ್ಪು ತಂದು ಅತ್ತೆಯ ಮಗ್ಗುಲಲ್ಲಿಟ್ಟಳು.

ಈರಮ್ಮ ಬೆರಳಾಡಿಸಿದಳು. "ನೀರು ಸೋರ್ತದಲ್ಲೇ?"

"ಸೋರ್ಲಿ ಅತ್ತೆ. ಕೆಳಗೆ ಬಸಿ ಇಟ್ಟಿದ್ದೆ."

ಈರಮ್ಮನ ಬೆರಳು ಕೆಳಗಿಳಿದು ಬಸಿಯ ಅಂಚು ಸವರುತ್ತ ಹೋಗಿ, ಒಂದು ಉಬ್ಬು ಹೂವಿನ ಮೇಲೆ ನಿಂತಿತು. ನೆಂಟರು ಬಂದಾಗ ಮಾತ್ರ ಚಹಾಕ್ಕೆಂದು ಕೆಳಗಿಳಿಸುತ್ತಿದ್ದ ಪಿಂಗಾಣಿ ಬಸಿ ಅದು.