ಹೆಸರು ಬದಲಿಸಲಾಗಿದೆ

ಮನ್ಮಥಪ್ಪ ಒಳಗೆ ಬಂದವನೇ ಬಾಗಿಲ ಚಿಲಕ ಹಾಕಿದ.

“ಹೆಸರು ಹೇಳ್ರಿ ಮೇಡಂ. ಯಾರು ಹೇಳ್ಯಾರ ನಿಮಗ?”

ನಿರುಪಮಾ ಎರಡು ಹೆಜ್ಜೆ ಹಿಂದೆ ಸರಿದಳು. ನಾಸಿಕ್ ನಗರದ ಸುಡುಮಧ್ಯಾಹ್ನ. ಗಂಡ ಬ್ಯಾಂಕಿನಲ್ಲಿ. ಫೋನಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದವು, ಫೋನು ಬಂದಿರಲಿಲ್ಲ. ಬಾಗಿಲು ತಟ್ಟಿದವನು, ತಾನು ಬೀದರಿನವನು, ಔರಂಗಾಬಾದಿನಲ್ಲಿ ಎಣ್ಣೆ ಗಿರಣಿ ಇಟ್ಟಿದ್ದೇನೆ ಎಂದಿದ್ದ. ಕನ್ನಡ ಕಿವಿಗೆ ಬಿದ್ದ ಖುಷಿಗೆ ಬಾಗಿಲು ತೆಗೆದಿದ್ದಳು.

ಅವನು ಮೇಜಿನ ಮೇಲೆ ಎಸೆದದ್ದು ಅವಳದೇ ಸಂಶೋಧನಾ ಲೇಖನ. ವ್ಯವಹಾರ ತಂತ್ರ ಕಲಿಸುವ ಅವಳನ್ನು ಪ್ರೊಫೆಸರ್ ಮಾಡಿದ ಲೇಖನ. ಅದರಲ್ಲಿ ಅಣ್ಣನೊಬ್ಬ ಜಂಟಿ ಗೋದಾಮಿಗೆ ತಾನೇ ಬೆಂಕಿ ಇಡುತ್ತಾನೆ; ಹೆದರಿದ ತಮ್ಮ ಸಿಕ್ಕಷ್ಟಕ್ಕೆ ಪಾಲು ಮಾರಿ ಹೊರಡುತ್ತಾನೆ. ‘ನಡೆದ ಘಟನೆ; ಕಂಪನಿಯ, ಊರಿನ ಹೆಸರು ಬದಲಿಸಲಾಗಿದೆ’ ಎಂದು ಕೆಳಗೆ ಅಚ್ಚಾಗಿತ್ತು. ಈ ಶಾಸ್ತ್ರದಲ್ಲಿ ಅದು ರೂಢಿ. ನಿಜವಾದ ಹೆಸರು ಯಾರೂ ಕೇಳುವುದಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದ ಎರಡು ವರ್ಷದಲ್ಲೇ ಇಷ್ಟೆಲ್ಲ ಓಡಾಡಿ ಬರೆದಳಲ್ಲ ಎಂದು ಕಾಲೇಜಿನವರು ಬೆರಗಾಗಿದ್ದರು.

“ಊಟಕ್ಕ ಕುಂತಾಗ ಮಗಳು ಕಾಲೇಜಿನ ಪಾಠ ಅಂತ ಇದನ್ನ ಓದಿ ಹೇಳಿದ್ಳು. ತಾಟು ಬಿಟ್ಟು ಎದ್ದೆ. ಊರು ಬದಲಿಸೀರಿ, ಹೆಸರು ಬದಲಿಸೀರಿ. ಬೆಂಕಿ ನಂದೇ ಅದ. ಅದು ಗೊತ್ತಿದ್ದದ್ದು ನನಗ, ನನ್ನ ಹೆಂಡತಿ ಪಾರ್ವತಿಗಿ. ಮತ್ತ್ಯಾರಿಗೂ ಇಲ್ಲ.”

“ನನಗ ಯಾರೂ ಹೇಳಿಲ್ರಿ.”

“ಸುಳ್ಳು. ಒಳಗ ವಾಚಮನ್ ಮಲಗಿದ್ದ, ಸುಟ್ಟು ಸತ್ತ. ಅದೊಂದು ನೀವು ಬರದಿಲ್ಲ. ಆಕಿ ಅದನ್ಯಾಕ ಬಿಟ್ಳು?”

ಅವನು ಕಿಟಕಿಯ ಪರದೆ ಸರಿಸಿದ. ರಸ್ತೆಯಲ್ಲಿ ಜೀಪು ನಿಂತಿತ್ತು. ಒಳಗೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು, ಮಡಿಲಲ್ಲಿ ಹೂ-ಕಾಯಿಯ ಬುಟ್ಟಿ. ನಿರುಪಮಾಳನ್ನು ಕಂಡು, ಹೊಸಬರನ್ನು ನೋಡಿ ನಗುವ ಹಾಗೆ ಸಂಕೋಚದಿಂದ ನಕ್ಕಳು.

“ತ್ರ್ಯಂಬಕೇಶ್ವರಕ್ಕ ಹೊಂಟೀವಿ ಅಂತ ಪಾರ್ವತಿ ತಿಳಕೊಂಡಾಳ. ಗುಡ್ಡದ ಹಾದಿ ಅದ. ನೀವು ಹೂಂ ಅಂದ್ರ ಸಾಕು, ಅನ್ನದಿದ್ರೂ ಸಾಕು. ಮುಂದಿಂದು ನಾ ನೋಡ್ಕೋತೀನಿ.”

ಸುಮ್ಮನಿದ್ದರೆ ಆ ಹೆಂಗಸಿನ ಜೀವ ಹೋಗುತ್ತದೆ. ಬಾಯಿ ಬಿಟ್ಟರೆ ಹೋಗುವುದು ತನ್ನ ಮಾನ, ಹುದ್ದೆ, ಇಷ್ಟು ವರ್ಷದ ಹೆಸರು. ನಿರುಪಮಾ ಮತ್ತೊಮ್ಮೆ ಜೀಪಿನ ಕಡೆ ನೋಡಿದಳು. ಅಳು ಬಂತು.

“ಆಕಿಗೆ ಏನೂ ಮಾಡಬ್ಯಾಡ್ರಿ! ನಾನು ಔರಂಗಾಬಾದೇ ನೋಡಿಲ್ಲ. ಹಾಸಿಗಿ ಹಿಡಿದ ಅತ್ತಿಯವರನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಆ ಅಣ್ಣ-ತಮ್ಮ ಎಲ್ಲೂ ಇಲ್ಲ, ಆ ಬೆಂಕಿ ಎಲ್ಲೂ ಹತ್ತಿಲ್ಲ. ಎಲ್ಲಾ ಇದೇ ಖೋಲ್ಯಾಗ ಕುಂತು ನಾನೇ ಹುಟ್ಟಿಸಿದ್ದು.”

ಮನ್ಮಥಪ್ಪ ಅವಳ ಮುಖವನ್ನೇ ದಿಟ್ಟಿಸಿದ. ನಂಬಿದ. ದೊಡ್ಡದಾಗಿ ಉಸಿರು ಬಿಟ್ಟು ಚಿಲಕ ತೆಗೆದ. ನಿರುಪಮಾಳಿಗೆ ಹೋದ ಜೀವ ಬಂದಂತಾಯಿತು. ಹೊಸ್ತಿಲು ದಾಟುತ್ತಿದ್ದವನು ಅಲ್ಲೇ ನಿಂತ.

“ಹಂಗಾದ್ರ ನಿಮಗ ಹೇಳಿದಾಂವ ನಾನೇ ಆದ್ನಲ್ರಿ,” ಎಂದವನು ಒಳಗೆ ಬಂದು ಚಿಲಕ ಮತ್ತೆ ಹಾಕಿದ.